ಶಾಗ್ಯದಲ್ಲಿ ಸಿಡಿದ ಕೇಬಲ್

ಬೆಳಕು ಹರಿಯುವ ಮೊದಲೇ ರತ್ನ ನೀರು ಹಿಡಿದು, ಅಂಗಳ ಗುಡಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಮಗಳ ಜಡೆ ಹೆಣೆದು, ಎರಡು ಡಬ್ಬಿಗೆ ಚಿತ್ರಾನ್ನ ತುಂಬಿದ್ದಳು. ಗಂಡ ಪ್ರಭುಸ್ವಾಮಿ ಎದ್ದು ತನ್ನ ಡಬ್ಬಿ ಎಲ್ಲಿ ಎಂದು ಕೇಳಿದ್ದ. ಇಬ್ಬರಿಗೂ ಕೊಳ್ಳೇಗಾಲದ ಒಬ್ಬನೇ ಗುತ್ತಿಗೆದಾರನ ಬಳಿ ಕೆಲಸ. ಹೈವೋಲ್ಟೇಜ್ ಕೇಬಲ್ಲುಗಳ ತುದಿ ಸುಲಿದು, ಲೈನಿಗೆ ಜೋಡಿಸಿ ಕಟ್ಟುವವನು ಪ್ರಭುಸ್ವಾಮಿ, ಕಟ್ಟಿದ್ದು ಸಿಡಿದರೆ ಕಾರಣ ಹುಡುಕುವವಳು ರತ್ನ.

ಶಾಗ್ಯ ಊರಿನ ಕಂಬದಲ್ಲಿ ಅವನು ಕಟ್ಟಿದ್ದ ಮೂರು ತುದಿಗಳ ಪೈಕಿ ಒಂದು ಸಿಡಿದಿತ್ತು. ಸುಟ್ಟದ್ದನ್ನು ನೋಡಿದರೆ ಏನೂ ತಿಳಿಯಲಿಲ್ಲ. ಲೈನ್ ಆಫ್ ಮಾಡಿಸಿದ್ದ ರತ್ನ, ಚೆನ್ನಾಗಿದ್ದ ಎರಡನ್ನೂ ಇಳಿಸಿ ಸೀಳಿದಳು. ಅಂದು ತುದಿ ಕಟ್ಟಲು ಕೇಬಲ್ಲಿನ ಕಪ್ಪು ಪದರ ಸುಲಿಯುವಾಗ ಪ್ರಭುಸ್ವಾಮಿಯ ಚಾಕು ವಿದ್ಯುತ್ ತಡೆಯುವ ಒಳಗಿನ ಬಿಳಿ ಹೊದಿಕೆಗೂ ಇಳಿದು, ಎರಡರಲ್ಲೂ ಒಂದೇ ಜಾಗದಲ್ಲಿ ಸುತ್ತ ಗೀರು ಬಿದ್ದಿತ್ತು. ಅಂಥ ಗೀರಿನಲ್ಲಿ ಹುಟ್ಟುವ ಕಿಡಿ ತಿಂಗಳುಗಟ್ಟಲೆ ಕೊರೆದು, ಕೊನೆಗೊಂದು ದಿನ ತುದಿಯನ್ನೇ ಸಿಡಿಸುತ್ತದೆ.

"ರಿಪೋರ್ಟಲ್ಲಿ ಅಳಿಲು ತಗುಲಿ ಸಿಡೀತು ಅಂತ ಬರ್ದ್ಬುಡು. ಪಕ್ದಲ್ಲೇ ಮರ ಅದೆ," ಎಂದ ಜೊತೆಗೆ ಬಂದಿದ್ದ ಪ್ರಭುಸ್ವಾಮಿ.

"ಅಳಿಲು ಚಾಕು ಇಡ್ಕಂಡು ಬಂದಿತ್ತಾ?"

"ಲೇ, ನನ್ನ ಲೈಸೆನ್ಸ್ ಓಯ್ತದೆ ಕಣೇ. ಆಮೇಲೆ ನೀನೊಬ್ಳೇ ದುಡೀಬೇಕು."

"ಮನೇಲಿ ಈಗೇನ್ ಇಬ್ರೂ ದುಡೀತಾ ಇದ್ದೀವಾ?"

ಅವನು ಮುಖ ತಿರುಗಿಸಿ ಟೀ ಕುಡಿಯಲು ಹೋದ. ರತ್ನ ಕೇಬಲ್ ಡ್ರಮ್ಮಿನ ಮೇಲೆ ಕುಳಿತಳು. ಸೊಂಟ ನೋಯುತ್ತಿತ್ತು. ಶಾಗ್ಯದ ತುದಿಗಳನ್ನು ಕಟ್ಟಿದ ತಿಂಗಳಲ್ಲೇ ಹನೂರಿನ ಸಂತೆಮಾಳದ ಕಂಬದಲ್ಲೂ ಅವನೇ ತುದಿ ಕಟ್ಟಿದ್ದ. ಅಳಿಲು ಎಂದು ಬರೆದರೆ ಅಲ್ಲೂ ಇಂಥದೇ ಗೀರಿದೆಯೇ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ. ಚಾಕು ಎಂದು ಬರೆದರೆ ಸಂಜೆ ಅವನ ಕೋಪ, ಅತ್ತೆಯ ಅಳು. ಅದರ ನಡುವೆಯೇ ಅವಳು ಮುದ್ದೆ ತಿರುವಬೇಕು.

ಅವಳು ವರದಿಯಲ್ಲಿ ಚಾಕುವಿನ ಗೀರು ಎಂದು ಬರೆದು, ತುದಿ ಕಟ್ಟಿದವರ ಹೆಸರಿನ ಜಾಗದಲ್ಲಿ ಗಂಡನ ಹೆಸರು ತುಂಬಿದಳು. ಆಮೇಲೆ ಹನೂರಿನ ಲೈನನ್ನು ಇವತ್ತೇ ಆಫ್ ಮಾಡಿಸಲು ಫೋನ್ ಎತ್ತಿಕೊಂಡಳು.