ಷಡ್ಡಕನ ಜೇಬಿನ ಚಾಕು

ಒಂದು ಚಾಕುವಿನ ವಿಷಯದಲ್ಲಿ ನಾನು ನನ್ನ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ. ತಾಲ್ಲೂಕು ವರದಿಗಾರನಾಗಿ ದುಡಿದವನಿಗೆ ಮುಖ್ಯಾಂಶವನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವ ಅಭ್ಯಾಸ. ಉಳಿದದ್ದು ವಿವರ.

ತೊಂಬತ್ತರ ದಶಕದ ಆರಂಭದಲ್ಲಿ ನನ್ನ ಮದುವೆಯಾಯಿತು. ನಾನು ನಂಜನಗೂಡಿನವನು, ಹೆಂಡತಿ ಟಿ. ನರಸೀಪುರದವಳು. ಮಾವನವರಿಗೆ ಊರಾಚೆ ಹಿಪ್ಪುನೇರಳೆ ತೋಟವಿತ್ತು, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆಯಿತ್ತು. ಗಂಡುಮಕ್ಕಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳನ್ನು ನನಗೆ ಕೊಟ್ಟಿದ್ದರು. ಚಿಕ್ಕವಳು ಆಗಿನ್ನೂ ಓದುತ್ತಿದ್ದಳು. ಹೀಗಾಗಿ ಕೆಲವು ವರ್ಷ ಆ ಮನೆಗೆ ನಾನೊಬ್ಬನೇ ಅಳಿಯ. ಬೀದಿಯವರೆಲ್ಲ ನನ್ನನ್ನು 'ಪೇಪರ್ ಅಳಿಯಂದ್ರು' ಅನ್ನುತ್ತಿದ್ದರು.

ರೇಷ್ಮೆ ಸಾಕುವವರಿಗೆ ಗೂಡು ಬಿಡಿಸುವ ದಿನ ಗೊತ್ತುಮಾಡುವುದು ದೊಡ್ಡ ಕೆಲಸ. ಬಿದಿರಿನ ಚಂದ್ರಿಕೆಯ ಮೇಲೆ ಹುಳು ತನ್ನ ಸುತ್ತ ಗೂಡು ಕಟ್ಟಿಕೊಂಡ ಮೇಲೆ ಒಳಗೆ ಅದು ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಬೇಕು. ಮೆತ್ತಗಿರುವಾಗಲೇ ಬಿಡಿಸಿದರೆ ಒಳಗೇ ಒಡೆದು ಗೂಡು ಕಲೆಯಾಗುತ್ತದೆ. ಅದಕ್ಕೇ ಒಂದೆರಡು ಗೂಡು ಕುಯ್ದು ನೋಡುತ್ತಾರೆ. ಮಾವನವರು ಅರ್ಧ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಅದರಿಂದ ಗೂಡಿನ ತುದಿಯನ್ನು ಸೀಳಿ, ನನ್ನ ಕಡೆಗೆ ಹಿಡಿಯುತ್ತಿದ್ದರು.

"ನೋಡಿ ಅಳಿಯಂದ್ರೆ, ನನ್ ಕಣ್ಗೆ ಸರೀಗ್ ಕಾಣಾಕಿಲ್ಲ. ಬಣ್ಣ ಬಂದದಾ?"

ಅವರ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಕೇಳುವುದು ಒಂದು ಮರ್ಯಾದೆ. ಅದು ನನಗೂ ಗೊತ್ತಿತ್ತು. ಆದರೂ ನಾನು ಕಿಟಕಿಯ ಬೆಳಕಿಗೆ ತಿರುಗಿ, ನೋಡಿ, "ಬಂದಿದೆ" ಅಂದಾಗ ಅವರು "ಹಂಗಾದ್ರೆ ನಾಳೆ ಬಿಡ್ಸದೇ" ಅನ್ನುತ್ತಿದ್ದರು. ಅಷ್ಟು ಸಾಕಾಗಿತ್ತು. ನನ್ನ ತಂದೆ ನನ್ನನ್ನು ಯಾವ ವಿಷಯಕ್ಕೂ ಕೇಳಿದವರಲ್ಲ.

ನಾದಿನಿಯ ಮದುವೆ ಹೆಮ್ಮರಗಾಲದ ಹುಡುಗನ ಜೊತೆ ಆಯಿತು. ನನಗಿಂತ ಬಹಳ ಚಿಕ್ಕವನು. ಅವರ ಮನೆಯಲ್ಲೂ ಬೇಸಾಯ, ರೇಷ್ಮೆ. ಮದುವೆಯ ನಂತರದ ಮೊದಲ ಬೆಳೆಗೆ ಬಂದವನು ಹುಳುಮನೆಯ ಬಾಗಿಲಲ್ಲೇ ನಿಂತು ಪಂಚೆ ಎತ್ತಿ, ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಕೈ ಹಾಕಿ ಒಂದು ಮಡಚುವ ಚಾಕು ತೆಗೆದ. ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಮರದ ಹಿಡಿ, ಒಂದೇ ಅಲಗು. ಸಂತೆಯಲ್ಲಿ ಕೊಂಡ ಅಗ್ಗದ ಮಾಲು. ಹಿಡಿ ಬಿರುಕು ಬಿಟ್ಟಿದ್ದ ಕಡೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದ. ಗೂಡಿನ ತುದಿಯನ್ನು ಒಂದೇ ಸಲಕ್ಕೆ ಕುಯ್ದು, ಹುಳುವನ್ನು ಅಂಗೈಗೆ ಕೊಡವಿಕೊಂಡು, ಯಾರೂ ಕೇಳುವ ಮೊದಲೇ ಹೇಳಿದ: "ಇನ್ನೂ ಒಂದಿನ ಬುಡಿ ಮಾವ. ಎಳಸು."

"ಎಳಸೇನ್ ಬಂತು? ಬಣ್ಣ ಬಂದದಲ್ಲ" ಅಂದರು ಮಾವನವರು.

"ಎಲ್ ಬಂದದೆ? ಹೊಟ್ಟೆ ಮುಟ್ ನೋಡಿ, ಬೆಣ್ಣೆ ಇದ್ದಂಗದೆ."

"ಲೇ, ನೀನ್ ಹುಟ್ಟಕ್ ಮೊದ್ಲಿಂದ ಗೂಡ್ ಬಿಡುಸ್ತಾ ಇವ್ನಿ ಕಣ್ಲಾ."

"ಅದಕ್ಕೇ ಹೇಳ್ತಾ ಇರದು, ಕಣ್ಣು ಹಳೇದಾಗದೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಇದು ಅತಿಯಾಯಿತು, ಮಾವನವರು ರೇಗುತ್ತಾರೆ ಅಂದುಕೊಂಡೆ. ರೇಗಿದರು ಕೂಡ. ಆದರೆ ರೇಗುತ್ತ ರೇಗುತ್ತ ಅವರ ಮುಖದಲ್ಲಿ ಒಂದು ಹುರುಪು ಬಂದಿತ್ತು. ಅದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗೂಡು ಬಿಡಿಸಿದ್ದು ಒಂದು ದಿನ ತಡೆದೇ. ಆ ಬೆಳೆಯ ನಂತರ ಅವನು ಬೇಸಾಯ ನೋಡಿಕೊಳ್ಳಲೆಂದು ಹೆಚ್ಚು ದಿನ ಮಾವನವರ ಮನೆಯಲ್ಲೇ ಇರತೊಡಗಿದ. ಅರ್ಧ ಬ್ಲೇಡು ಅಂಗಿಯ ಜೇಬಿನಿಂದ ಮಾಯವಾಯಿತು. ಅಡಕೆಗೆ, ಸೀಬೆಹಣ್ಣಿಗೆ, ಗೋಣಿಯ ದಾರಕ್ಕೆ, ಚಂದ್ರಿಕೆಯ ಬಿದಿರಿನ ಸಿಬಿರಿಗೆ, ಎಲ್ಲಕ್ಕೂ ಒಂದೇ ಕೂಗು: "ಎಲ್ಲೋದ್ನೋ ಅವ್ನು, ಚಾಕು ತರೇಳು."

ನಾನೂ ಒಂದು ಚಾಕು ಕೊಂಡೆ. ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರು ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಬೀಗ, ಬಾಚಣಿಗೆ, ಟಾರ್ಚ್ ಮಾರುವವನ ಹತ್ತಿರ. "ಸಾ, ನೈಲ್ ಕಟ್ರು, ಚಾಕು, ಬಾಟ್ಲಿ ಓಪನ್ರು ಎಲ್ಲಾ ಇದ್ರಲ್ಲೇ ಅದೆ" ಅಂದ. ಪಕ್ಕದಲ್ಲಿದ್ದ ಪರಿಚಯದ ಪೇದೆ, "ಯಾಕ್ ಸಾ, ಪೆನ್ನು ಸಾಕಾಗ್ನಿಲ್ವಾ?" ಎಂದು ನಕ್ಕ. ನಾನು ನಗಲಿಲ್ಲ. ಮನೆಯಲ್ಲಿ ಅದನ್ನು ಒಂದೇ ಕೈಯಲ್ಲಿ ಬಿಚ್ಚುವುದನ್ನು ಅಭ್ಯಾಸ ಮಾಡಿದೆ. ಪೇಪರ್ ಬಂಡಲಿನ ದಾರ ಕತ್ತರಿಸಿದೆ, ಪೆನ್ಸಿಲ್ ಕೆತ್ತಿದೆ, ಮಾವಿನಹಣ್ಣು ಹೆಚ್ಚಿದೆ. ಹೆಂಡತಿ ನೋಡಿ, "ಏನ್ರೀ, ಹಣ್ಣಂಗಡಿ ಇಡ್ತೀರಾ?" ಅಂದಳು.

ಮುಂದಿನ ಬೆಳೆಗೆ ಹೋದಾಗ ಮಾವನವರು ಗೂಡು ಹಿಡಿದು ಷಡ್ಡಕನ ಕಡೆ ತಿರುಗುವ ಮೊದಲೇ ನಾನು ಚಾಕು ಬಿಚ್ಚಿದ್ದೆ. ಅವರು ಸ್ವಲ್ಪ ಹೊತ್ತು ನನ್ನನ್ನೂ ಚಾಕುವನ್ನೂ ನೋಡಿ, ಗೂಡನ್ನು ನನ್ನ ಮುಂದೆ ಹಿಡಿದರು. ಅಲಗು ಮೊಂಡಾಗಿತ್ತು, ಬುಡದಲ್ಲಿ ಅಲ್ಲಾಡುತ್ತಿತ್ತು. ಒತ್ತಿದ ರಭಸಕ್ಕೆ ಗೂಡು ಅಪ್ಪಚ್ಚಿಯಾಗಿ ಒಳಗಿನ ಹುಳು ಒಡೆದು ಮಾವನವರ ಅಂಗೈ ತುಂಬ ಹಳದಿ ನೀರಾಯಿತು. ಷಡ್ಡಕ ತಡೆಯಲಾರದೆ ನಕ್ಕ. ಮಾವನವರು ನಗಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು, "ಇರ್ಲಿ ಬುಡಿ ಅಳಿಯಂದ್ರೆ, ಚಾಕೇ ಸರೀಗಿಲ್ಲ" ಅಂದರು. ನಂತರ ಷಡ್ಡಕನಿಗೆ ಗದರಿದರು: "ಅಲ್ ಕಿಸೀತಾ ನಿಂತ್ಕಂಡವ್ನೆ. ಬಾ ಇಲ್ಲಿ, ಕುಯ್ಯಿ."

ಅವನು ಕುಯ್ದ. ನೀಟಾಗಿ. ಆ ಗದರಿಕೆ ನನಗೆ ಬರಬೇಕಿತ್ತು ಎಂದು ಅಂದು ಬಸ್ಸಿನಲ್ಲಿ ತಾಂಡವಪುರದ ಕಡೆಯ ಒಂದು ಸುದ್ದಿಯ ಟಿಪ್ಪಣಿ ತಿದ್ದುತ್ತ ಕುಳಿತಿದ್ದಾಗ ಅನ್ನಿಸಿತು. ಸುದ್ದಿಯನ್ನು ಸರಿಯಾಗಿ ತಿದ್ದಲು ಆಗಲಿಲ್ಲ.

ಆಮೇಲೆ ಕೊಂಡ ಚಾಕುಗಳು ಕೆಲವು. ಒಂದರ ಅಲಗು ಮಡಚಿಕೊಳ್ಳದೆ ಹೋಯಿತು, ಒಂದು ಬೆವರಿಗೆ ತುಕ್ಕು ಹಿಡಿಯಿತು, ಇನ್ನೊಂದು ಜೇಬು ಹರಿದುಕೊಂಡು ಕಪಿಲೆಯ ಸ್ನಾನಘಟ್ಟದ ಹತ್ತಿರ ಎಲ್ಲೋ ಬಿದ್ದುಹೋಯಿತು. ಕೊನೆಗೆ ಮೈಸೂರಿಗೆ ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಒಳ್ಳೆಯ ಚಾಕು ಸಿಕ್ಕಿತು. ದುಬಾರಿಯೇನಲ್ಲ, ಆದರೆ ಅಲಗು ನೇರ, ಕೀಲು ಬಿಗಿ. ಅಂಗಡಿಯಲ್ಲಿ ನಿಂತಿದ್ದಾಗಲೇ ಯೋಚನೆ ಬದಲಾಯಿತು. ಇದನ್ನು ನಾನು ಇಟ್ಟುಕೊಳ್ಳುವುದಕ್ಕಿಂತ ಮಾವನವರಿಗೇ ಕೊಟ್ಟರೆ? ಅವರು ಷಡ್ಡಕನನ್ನು ಕೂಗುವುದು ತಪ್ಪುತ್ತದೆ, ಅಡಕೆ ಕುಯ್ಯುವಾಗಲೆಲ್ಲ ನನ್ನ ನೆನಪು ಬರುತ್ತದೆ. ಲೆಕ್ಕಾಚಾರ ಸರಿಯಾಗಿದೆ ಅನ್ನಿಸಿತು.

ಅತ್ತೆಯವರಿಗೆ ಮಾತ್ರ ಹಿಡಿಸಲಿಲ್ಲ. ನಮ್ಮ ಕಡೆ ಉಪ್ಪು, ಮೆಣಸಿನಕಾಯಿ, ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಬರುತ್ತದೆ ಎಂಬ ನಂಬಿಕೆ. ಕೆಳಗಿಡಬೇಕು, ಇನ್ನೊಬ್ಬರು ತೆಗೆದುಕೊಳ್ಳಬೇಕು. ನಾನು ಪೊಟ್ಟಣ ಬಿಚ್ಚಿ ಮಾವನವರ ಕಡೆಗೆ ಚಾಚಿದಾಗ ಅತ್ತೆ ಬಾಗಿಲಿನಿಂದಲೇ, "ಅಯ್ಯೋ, ಕೆಳಗಿಡಿ ಅಳಿಯಂದ್ರೆ! ಉಡುಗೊರೆಗೆ ಬೇರೇನೂ ಸಿಗ್ನಿಲ್ವಾ?" ಅಂದರು. ಮಾವನವರು ಕೈ ಹಿಂದೆಳೆದುಕೊಂಡರು. ನಾನು ಜಗಲಿಯ ಮೇಲಿಟ್ಟೆ. ಅವರು ಸ್ವಲ್ಪ ಹೊತ್ತು ಬಿಟ್ಟು ಎತ್ತಿಕೊಂಡು, ಹೆಬ್ಬೆರಳಿನಿಂದ ಅಲಗು ಸವರಿ, "ಒಳ್ಳೆ ಮಾಲು" ಅಂದರು.

ಲೆಕ್ಕಾಚಾರದ ಅರ್ಧ ಫಲಿಸಿತು. ಮಾವನವರು ಆ ಚಾಕುವನ್ನು ಸೊಂಟದಿಂದ ಇಳಿಸಲಿಲ್ಲ. ಅಡಕೆ ತಾವೇ ಕುಯ್ದುಕೊಂಡರು, ಗೂಡೂ ತಾವೇ ಕುಯ್ದರು. ನನ್ನನ್ನು "ಬಣ್ಣ ಬಂದದಾ" ಎಂದು ಕೇಳುವ ಅಗತ್ಯ ಅವರಿಗೆ ಮತ್ತೆ ಬರಲಿಲ್ಲ. ಷಡ್ಡಕನ ಮೇಲಿನ ಕೂಗೂ ನಿಲ್ಲಲಿಲ್ಲ, ಬೇರೆ ರೂಪಕ್ಕೆ ತಿರುಗಿತಷ್ಟೆ. ಚಾಕು ಮೊಂಡಾಗುತ್ತಲೇ, "ಲೇ, ಇದನ್ನ ಮಸ್ಕೊಡೋ" ಅನ್ನುವರು. ಅವನು ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ನೀರು ಹಾಕಿ ಮಸೆಯುತ್ತ ಕೂರುವನು. ಪಕ್ಕದಲ್ಲಿ ಮಾವನವರು ಕುಕ್ಕರಗಾಲಲ್ಲಿ ಕೂತು, "ಅಂಗಲ್ಲ, ಓರೆಯಾಗ್ ಹಿಡಿ. ಅಲಗು ತಿಂದಾಕ್ಬುಡ್ತೀಯ" ಎಂದು ಕೊಂಕು ತೆಗೆಯುವರು. ಅವನು, "ನೀವೇ ಮಸ್ಕೊಳಿ ಹಂಗಾದ್ರೆ" ಎಂದು ಚಾಕು ಚಾಚುವನು. ಮಾವನವರು ಕಿತ್ತುಕೊಳ್ಳುವರು. ಎರಡು ಸಲ ಉಜ್ಜಿ ಮತ್ತೆ ಅವನ ಕೈಗೇ ತುರುಕುವರು.

ಕೈಯಿಂದ ಕೈಗೆ.

ಒಂದು ಭಾನುವಾರ ಇದನ್ನು ಕಂಡ ಮೇಲೆ ನಾನು ಪ್ರತಿ ಭೇಟಿಯಲ್ಲೂ ಗಮನಿಸಿದೆ. ಅನುಮಾನಕ್ಕೆ ಎಡೆಯಿರಲಿಲ್ಲ. ನನಗೆ ಸೀಬೆಹಣ್ಣು ಕುಯ್ದುಕೊಳ್ಳಲು ಚಾಕು ಬೇಕೆಂದರೆ ಮಾವನವರು ಮಡಚಿ, ಜಗಲಿಯ ಮೇಲಿಟ್ಟು, ನನ್ನ ಕಡೆ ಸ್ವಲ್ಪ ತಳ್ಳುತ್ತಿದ್ದರು. ಷಡ್ಡಕನಿಗಾದರೆ ಬಿಚ್ಚಿದ ಅಲಗಿನ ಸಮೇತ ಕೈಗೆ. ಹೆಂಡತಿಯನ್ನು ಕೇಳಿದೆ. ಅವಳು ಬಹಳ ನಕ್ಕಳು.

"ಅವನ ಜೊತೆ ಅಪ್ಪ ಬೆಳಗ್ಗೆಯಿಂದ ಸಾಯಂಕಾಲದವರೆಗೂ ಜಗಳ ಆಡ್ತಾನೇ ಇರ್ತಾರೆ. ಚಾಕು ಇನ್ನೇನ್ ಹೊಸ ಜಗಳ ತರತ್ತೆ? ನಿಮ್ಮ ಜೊತೆ ಜಗಳ ಆಗ್ಬಾರ್ದು ಅಂತ ಅವರಿಗೆ ಭಯ. ಒಳ್ಳೇದೇ ಅಲ್ವಾ?"

ಒಳ್ಳೆಯದೇ. ಪೊಲೀಸ್ ಠಾಣೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನನ್ನನ್ನು ಕಂಡು ಮಾತು ಅಳೆದು ಆಡುವವರು ಬೇಕಾದಷ್ಟು ಮಂದಿ ಇದ್ದರು. ಮಾವನವರೂ ಆ ಸಾಲಿಗೆ ಸೇರಿದ್ದರು ಎಂಬುದನ್ನು ಅವಳ ಮಾತಿನಿಂದ ತಿಳಿದುಕೊಂಡೆ. ನನಗೆ ಬೇಕಾಗಿದ್ದುದು ಆ ಒದ್ದೆ ಕಲ್ಲಿನ ಪಕ್ಕದ ಜಾಗ. ಅದು ತುಂಬಿಹೋಗಿತ್ತು. ತುಂಬಿದವನು ಕೆಟ್ಟವನಾಗಿದ್ದರೆ ಅಸೂಯೆ ಸುಲಭವಾಗುತ್ತಿತ್ತು. ಅವನು ನಾನು ಹೋದಾಗಲೆಲ್ಲ "ಅಣ್ಣ ಬಂದ್ರು" ಎಂದು ಎದ್ದು ಜಾಗ ಬಿಡುತ್ತಿದ್ದ. ನಾನು ಬರೆದದ್ದನ್ನು ಓದಿ ಕತ್ತರಿಸಿಡುತ್ತಿದ್ದ, ಅದೂ ತನ್ನ ಅದೇ ಹಳೆಯ ಚಾಕುವಿನಲ್ಲಿ.

ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಮಾವನವರಿಗೆ ಶುಗರ್ ಬಂತು. ಅದೇ ಹೊತ್ತಿಗೆ ಬಲಗಾಲಿನ ಅಡಿಯಲ್ಲಿ ಆಣಿ. ನಡೆಯುವಾಗ ಚುಚ್ಚುತ್ತದೆಂದು ಜಗಲಿಯಲ್ಲಿ ಕೂತು, ಕಾಲು ತೊಡೆಯ ಮೇಲೆ ಹಾಕಿಕೊಂಡು, ನಾನು ಕೊಟ್ಟ ಚಾಕುವಿನಿಂದ ಅದನ್ನು ಹೆರೆಯತೊಡಗಿದರು. ನಾನು ಹೋದ ದಿನ ಬೀದಿಗೇ ಕೇಳುವಂತೆ ಜಗಳ ನಡೆದಿತ್ತು.

"ಕಾಲ್ ಕಳ್ಕಬೇಕು ಅಂತಿದ್ದೀರಾ ಮಾವ? ಶುಗರ್ ಇರೋರು ಗಾಯ ಮಾಡ್ಕಂಡ್ರೆ ಏನಾಯ್ತದೆ ಗೊತ್ತಾ? ಕೊಡಿ ಇಲ್ಲಿ ಚಾಕು!"

"ಹೋಗೋ ಡಾಕ್ಟ್ರೆ. ನನ್ ಕಾಲು, ನಾನ್ ಕುಯ್ಕತೀನಿ. ನಿಂಗೇನ್ಲಾ?"

"ನಂಗೇನಾ? ನಾಳೆ ಹೊತ್ಕಂಡ್ ತಿರುಗೋನು ನಾನೇ ಕಣ್ರೀ!"

"ಹೊರ್ಬ್ಯಾಡ, ಬುಟ್ಬುಡು. ಬೀದೀಲಿ ಬಿದ್ದಿರ್ತೀನಿ."

ಕಾಲಿನ ಅಡಿಯಲ್ಲಿ ಆಗಲೇ ರಕ್ತದ ಕಲೆಯಿತ್ತು. ನನಗೆ ಭಯವಾಯಿತು. ಭಯದ ಜೊತೆಗೆ ಇನ್ನೊಂದೂ ಇತ್ತು: ಇದು ನನ್ನ ಸರದಿ ಎಂಬ ಆಸೆ. ಅಳೆದು ಮಾತಾಡದೆ, ಧ್ವನಿ ಏರಿಸಿ, ಆ ಮನೆಯಲ್ಲಿ ಮೊದಲ ಬಾರಿಗೆ ಕೂಗಿದೆ. "ಏನ್ ಮಾವ ಇದು ಹಟ? ಬುದ್ಧಿ ಬೇಡ್ವಾ ನಿಮಗೆ? ಇನ್ನೊಂದ್ ಸಲ ಆ ಚಾಕು ಕಾಲಿಗೆ ಮುಟ್ಟಿಸಿದ್ರೆ ನಾನ್ ಸುಮ್ನಿರಲ್ಲ!"

ಅವರ ಬಾಯಿಂದ "ನಿಂಗೇನ್ಲಾ" ಬರುತ್ತದೆ ಎಂದು ಕಾದೆ. ನಿಜಕ್ಕೂ ಕಾದೆ.

ಮಾವನವರು ಕಾಲು ಕೆಳಗಿಳಿಸಿದರು. ಅಲಗು ಒರೆಸಿ ಮಡಚಿದರು. ಅದನ್ನು ನನ್ನ ಮುಂದೆ ಜಗಲಿಯ ಮೇಲಿಟ್ಟು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಆಯ್ತು ಅಳಿಯಂದ್ರೆ. ನೀವ್ ಏಳಿದ್ ಮ್ಯಾಲೆ ಮುಗೀತು" ಅಂದರು. ಒಳಗೆ ತಿರುಗಿ, "ಅಳಿಯಂದ್ರಿಗೆ ಕಾಫಿ ಕೊಡಮ್ಮಿ" ಅಂದರು.

ಷಡ್ಡಕ ನನ್ನನ್ನು ಹುಳುಮನೆಯ ಕಡೆ ಎಳೆದುಕೊಂಡು ಹೋದ. "ಅಣ್ಣ, ನಾನ್ ಒಂದ್ ವಾರದಿಂದ ಬಡ್ಕತಾ ಇವ್ನಿ. ನೀವ್ ಒಂದ್ ಮಾತ್ ಏಳುದ್ರಿ, ಆಗೋಯ್ತು. ನನ್ ಮಾತ್ಗೆ ಈ ಮನೇಲಿ ಮೂರ್ ಕಾಸಿನ್ ಬೆಲೆ ಇಲ್ಲ." ಅವನ ಧ್ವನಿಯಲ್ಲಿ ನೋವಿತ್ತು. ನಾನು ಅದನ್ನು ಕೂಡಲೇ ಗುರುತಿಸಿದೆ, ಏಕೆಂದರೆ ನನ್ನಲ್ಲೂ ಅದೇ ಇತ್ತು. ನಮ್ಮಿಬ್ಬರ ಜಾಗ ಅದಲುಬದಲು ಮಾಡಿಕೊಳ್ಳಲು ಸಾಧ್ಯವಿದ್ದರೆ ಅಲ್ಲೇ, ಚಂದ್ರಿಕೆಗಳ ನಡುವೆ ನಿಂತಂತೆಯೇ ಮಾಡಿಕೊಳ್ಳುತ್ತಿದ್ದೆ.

ಕಾಲನ್ನು ನಂಜನಗೂಡಿನ ಡಾಕ್ಟರಿಗೆ ತೋರಿಸುವುದೆಂದಾಯಿತು. ಆ ಡಾಕ್ಟರ ಮನೆ ನಮ್ಮ ಬೀದಿಯಿಂದ ಎರಡು ತಿರುವಿನ ಆಚೆ. "ನಾನೇ ಬಂದು ಕರೆದುಕೊಂಡು ಹೋಗ್ತೀನಿ" ಅಂದೆ. "ಬ್ಯಾಡಿ, ನಿಮ್ಗೆ ಕೆಲ್ಸ ಇರ್ತದೆ" ಅಂದರು ಮಾವನವರು. ನಂತರ ಅಂಗಳದ ಕಡೆ ಕುತ್ತಿಗೆ ತಿರುಗಿಸಿ, "ಲೇ, ನಾಳೆ ಗಾಡಿಗೆ ಪೆಟ್ರೋಲ್ ಆಕ್ಸು. ನಂಜನಗೂಡಿಗೆ ಓಗ್ಬೇಕು. ನಿಧಾನಕ್ ಓಡ್ಸು ಈ ಸಲ."

ಮರುದಿನ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಡಾಕ್ಟರನ್ನು ನೋಡಿಕೊಂಡು ಊಟಕ್ಕೆ ನಮ್ಮ ಮನೆಗೆ ಬರುವುದಿತ್ತು. ಗೇಟಿನ ಹತ್ತಿರ ಕಾಯುತ್ತಿದ್ದೆ. ಮೋಟಾರ್ ಸೈಕಲ್ ಕಾಣುವ ಮೊದಲೇ ಬೀದಿಯ ತಿರುವಿನಲ್ಲಿ ಜಗಳ ಕೇಳಿಸಿತು. ಡಾಕ್ಟರು ಚಪ್ಪಲಿ ಬದಲಾಯಿಸಲು ಹೇಳಿದ್ದರಂತೆ, ಒಬ್ಬರು ಆಗದು ಅನ್ನುತ್ತಿದ್ದರು, ಇನ್ನೊಬ್ಬ ಇವತ್ತೇ ಕೊಳ್ಳಬೇಕು ಅನ್ನುತ್ತಿದ್ದ. ಹಿಂದೆ ಕೂತಿದ್ದ ಮಾವನವರು ಅವನ ಬೆನ್ನಿಗೆ ಗುದ್ದುತ್ತ ಏನೋ ಬೈಯುತ್ತಿದ್ದರು. ಗಾಡಿ ಗೇಟಿನ ಮುಂದೆ ನಿಂತಿತು. ಮಾವನವರು ನನ್ನನ್ನು ಕಂಡರು. ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿದರು. ಅವನ ಹೆಗಲು ಹಿಡಿದು ಇಳಿದು, ಟವೆಲ್ ಕೊಡವಿ ಹೊದ್ದು, ಕೈ ಮುಗಿದರು.

"ಚೆನ್ನಾಗಿದ್ದೀರಾ ಅಳಿಯಂದ್ರೆ?"