ಗುಂಯ್ ಅನ್ನಬಾರದು

ಎಪ್ಪತ್ತರ ದಶಕದ ಮಾತು. ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ನಮ್ಮ ಎದುರುಮನೆಯವರು ಸರ್ಕಾರಿ ಗುಮಾಸ್ತರು. ಆಫೀಸಿನಿಂದ ಬಂದರೆ ಕೈಯಲ್ಲಿ ಸೋಲ್ಡರಿಂಗ್ ಐರನ್. ಹಾಸಿಗೆ ಹಿಡಿದ ಹೆಂಡತಿ ಕರೆದರೆ ಅಡುಗೆ ಮಾಡುವಾಗಲೂ ಕೇಳಲಿ ಎಂದು, ಆಕೆಯ ದಿಂಬಿನ ಬಳಿ ಮೈಕಿಟ್ಟು, ಒಲೆಯ ಪಕ್ಕದ ಸ್ಪೀಕರಿಗೆ ವೈರ್ ಎಳೆದಿದ್ದರು. ವೈರಿನ ಸುತ್ತ ತಾಮ್ರದ ಜಾಲರಿ; ಕರೆಂಟಿನ ಸದ್ದು ಒಳಗೆ ನುಗ್ಗದಂತೆ. ಅದರ ಎಳೆಗಳನ್ನು ಹೊಸೆದು ಬೆಸುಗೆ ಹಾಕುತ್ತಾ, "ಗುಂಯ್ ಅನ್ನಬಾರದು ನೋಡಿ, ಅವಳ ದನಿ ಮುಚ್ಚಿಹೋಗುತ್ತೆ," ಅನ್ನುತ್ತಿದ್ದರು.

ಆಕೆ ತೀರಿಕೊಂಡ ಮೇಲೆ ಒಂದು ಸಂಜೆ ಪಲ್ಯ ಕೊಡಲು ಹೋದೆ. ಸ್ಪೀಕರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ಜಾಲರಿಯ ಬೆಸುಗೆ ಬಿಟ್ಟಿದೆಯಾ?" ಎಂದೆ.

"ನಾನೇ ಬಿಡಿಸಿದೆ," ಎಂದರು, ಒಲೆಯತ್ತ ತಿರುಗಿ. "ಆನ್ ಮಾಡಿದರೆ ಏನೂ ಕೇಳಿಸುತ್ತಿರಲಿಲ್ಲ."