ಕೈಗೆ ಬಿಚ್ಚಿ ಬರುವ ಸ್ಟೀರಿಂಗ್

ನಾನು ಯಲಬುರ್ಗಾದ ಕೃಷಿ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ರಜೆ ಸಿಕ್ಕಾಗ ಟ್ರ್ಯಾಕಿನಲ್ಲಿ ಕಾರು ಓಡಿಸುತ್ತೇನೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ನಮ್ಮ ಕಡೆಯ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಮೈಕಟ್ಟು. ನಾನು ಎತ್ತರವೂ ಇದ್ದೇನೆ, ದಪ್ಪವೂ ಇದ್ದೇನೆ. ಸಿದ್ದಾಪುರದ ಗದ್ದೆಯ ಕೆಸರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಪಳಗಿದವಳು. ಯಾರು ನೋಡಿದರೂ ನನಗೇನೂ ಅನ್ನಿಸುವುದಿಲ್ಲ.

ಕಾರು ಹಳೆಯದು, ಸಣ್ಣದು. ರಸ್ತೆಗೆ ಬೇಡವಾದ ಮೇಲೆ ಅದನ್ನು ಟ್ರ್ಯಾಕಿಗೆಂದೇ ಸಿದ್ಧ ಮಾಡಿಕೊಂಡೆವು. ಗಂಗಾವತಿಯಲ್ಲಿ ನನ್ನ ಸೋದರಮಾವನ ಲೇತ್ ಅಂಗಡಿ ಇದೆ. ಭತ್ತ ಕೊಯ್ಯುವ ಮಿಷನ್ನುಗಳ ಶಾಫ್ಟು, ರೈಸ್ ಮಿಲ್ಲುಗಳ ಪುಲ್ಲಿ ಎಲ್ಲವೂ ಅಲ್ಲಿಗೇ ಬರುತ್ತವೆ. ಕಾರಿನ ಒಳಗೆ ಉಕ್ಕಿನ ಪೈಪುಗಳ ಪಂಜರ ಕೂಡಿಸಿದ್ದು, ಸೊಂಟವನ್ನು ಎರಡೂ ಕಡೆಯಿಂದ ಹಿಡಿದಿಡುವ ಗಟ್ಟಿ ಸೀಟು ಹಾಕಿದ್ದು ಮಾವನೇ. ಕಾರು ಪಲ್ಟಿಯಾದರೂ ಒಳಗಿನವಳಿಗೆ ಏನೂ ಆಗಬಾರದು ಎಂಬುದು ಅವರ ಲೆಕ್ಕ. ಒಳಗಿನವಳು ಹೊರಗೆ ಬರುವುದು ಹೇಗೆ ಎಂದು ಮಾತ್ರ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಕಾರನ್ನು ಲಾರಿಗೆ ಏರಿಸಿಕೊಂಡು ಅಪ್ಪನೂ ನಾನೂ ಮೊದಲ ಸಲ ತಮಿಳುನಾಡಿನ ಟ್ರ್ಯಾಕಿಗೆ ಹೋದಾಗ, ಗಾಡಿಗಳನ್ನು ಪರೀಕ್ಷೆ ಮಾಡುವವರು ನನ್ನನ್ನು ಬೆಲ್ಟು ಕಟ್ಟಿ ಕೂರಿಸಿ, ಈಗ ಇಳಿಯಿರಿ ಎಂದರು. ತೊಡೆ ಸ್ಟೀರಿಂಗಿನ ಕೆಳಗೆ ಸಿಕ್ಕಿಕೊಂಡಿತು. ಹೆಲ್ಮೆಟ್ಟು ಪೈಪಿಗೆ ಬಡಿಯಿತು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಪರೀಕ್ಷಕರು ನಗಲಿಲ್ಲ. ಬೆಂಕಿ ಹತ್ತಿದರೆ ಅದು ನಿಮಗಾಗಿ ಕಾಯುವುದಿಲ್ಲ ಎಂದಷ್ಟೇ ಹೇಳಿ ಕಾರನ್ನು ಟ್ರ್ಯಾಕಿಗೆ ಬಿಡದೆ ವಾಪಸು ಕಳಿಸಿದರು.

ವಾಪಸು ಬರುವ ದಾರಿಯಲ್ಲಿ ಅಪ್ಪ ನನ್ನನ್ನು ನಗಿಸಲೆಂದು ಹೇಳಿದರು: "ಸ್ಟೀರಿಂಗ್ ತಗದು ಬಾಜೂಕಿಟ್ಟು ಇಳಿಯೂ ಹಂಗಿದ್ರ ಛಲೋ ಇತ್ತು ನೋಡವ್ವಾ."

"ಹಂಗ ಮಾಡೂದೊಂದು ಐತಿ ಅಪ್ಪಾ," ಎಂದೆ.

ಅಪ್ಪ ನಂಬಲಿಲ್ಲ. ಸ್ಟೀರಿಂಗಿಗೂ ಅದರ ಶಾಫ್ಟಿಗೂ ನಡುವೆ ಕೂರುವ ಎರಡು ತುಂಡಿನ ಹಬ್ ಅದು. ಅದರ ರಿಂಗ್ ಎಳೆದರೆ ಸ್ಟೀರಿಂಗ್ ಬಿಚ್ಚಿ ಕೈಗೆ ಬರುತ್ತದೆ, ಮತ್ತೆ ಒತ್ತಿದರೆ ಕೂತುಬಿಡುತ್ತದೆ. ರೇಸಿನ ಕಾರುಗಳಲ್ಲಿ ಇರುವುದೇ. ಆದರೆ ಅದರಲ್ಲಿ ನೂರು ನಮೂನೆ. ಓಡುವಾಗ ನನ್ನ ಜೀವ ಅದರ ಮೇಲೆಯೇ ನಿಂತಿರುತ್ತದೆ.

ಮಾವನಿಗೆ ಹೇಳಿದ್ದೇ ತಡ, "ಇದನ್ನ ಹೊರಗಿಂದ ತರಸ್ತಿ ಏನು? ನಾ ಅದೀನಲ್ಲ!" ಎಂದು ಲೇತಿನ ಮುಂದೆ ನಿಂತರು. ಚೌಕಾಕಾರದ ಗೂಟ, ಅದಕ್ಕೆ ಸರಿಯಾಗಿ ಚೌಕ ತೂತು, ಅಡ್ಡ ಒಂದು ಪಿನ್ನು. ಬೆಳ್ಳಿಯ ಹಾಗೆ ಹೊಳೆಯುವಂತೆ ತಿಕ್ಕಿದ್ದರು. ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ನೋಡಿ ಮೆಚ್ಚಿ ತರಿಸಿದ್ದ ಕೆಂಪು ಬಣ್ಣದ ಒಂದು ಹಬ್ ಕೂಡ ಬಂದಿತ್ತು. ಅದರಲ್ಲಿ ಸಣ್ಣ ಸಣ್ಣ ಗುಂಡುಗಳು ಸ್ಟೀರಿಂಗನ್ನು ಹಿಡಿದಿಡುತ್ತಿದ್ದವು.

ಕುಷ್ಟಗಿ ಹತ್ತಿರದ ಒಂದು ಹತ್ತಿ ಬಿಡಿಸುವ ಜಿನ್ನಿನ ಖಾಲಿ ಅಂಗಳದಲ್ಲಿ ಎರಡನ್ನೂ ಒಂದಾದ ಮೇಲೊಂದು ಹಾಕಿ, ನಡೆಯುವ ವೇಗದಲ್ಲಿ ಕಾರು ತಿರುಗಿಸಿ ನೋಡಿದೆ. ಕೆಂಪು ಹಬ್ ಉದ್ದವಾಗಿತ್ತು. ಸ್ಟೀರಿಂಗ್ ಎದೆಗೆ ಬಂದು ಮೊಣಕೈಗಳು ಮಡಚಿಕೊಂಡವು. ಎಡಕ್ಕೂ ಬಲಕ್ಕೂ ಅದು ಕಟಕಟ ಎನ್ನುತ್ತಿತ್ತು. ಮಾವನದು ಅದಕ್ಕಿಂತ ಎಷ್ಟೋ ಮೇಲು. ಆದರೂ ಸ್ಟೀರಿಂಗ್ ತಿರುಗಿಸಿದಾಗ, ಚಕ್ರ ತಿರುಗುವ ಮುಂಚೆ, ಒಂದು ಸಣ್ಣ 'ಟಕ್' ಕೈಗೆ ತಾಕುತ್ತಿತ್ತು. ನಾನು ಮತ್ತೆ ಮತ್ತೆ ತಿರುಗಿಸಿದೆ, ನನ್ನ ಭ್ರಮೆಯಾಗಿರಲಿ ಎಂದು. ಭ್ರಮೆಯಾಗಿರಲಿಲ್ಲ.

ಗಂಗಾವತಿಗೆ ಬಂದು, ಚಹಾ ಕುಡಿದು ಮುಗಿಸಿದ ಮೇಲೆ ಹೇಳಿದೆ: "ಮಾಮಾ, ಇದು ಬ್ಯಾಡ್ರಿ."

"ಯಾಕ? ಕೆಟ್ಟೈತೇನು?"

"ಕೆಟ್ಟಿಲ್ರಿ. ಆದ್ರ ಒಂಚೂರು ಆಟ ಐತಿ, ಅಲ್ಲಾಡತೈತಿ. ಇವತ್ತು ಕೂದಲಷ್ಟು. ನಾಳೆ ಸವದ ಮ್ಯಾಲ? ಮತ್ತ ಗಡಿಬಿಡಿಯಾಗ ಪಿನ್ ಹಾಕೂದು ಮರತ್ರ?"

ಮಾವನ ಮುಖ ಕೆಂಪಾಯಿತು. "ನಾ ಮಾಡಿದ ಶಾಫ್ಟು ಇಡೀ ತಾಲೂಕಿನಾಗ ತಿರಗಾಕತ್ತಾವು."

"ತಿರಗತಾವ್ರಿ. ಅವು ಮುರದ್ರ ಮಿಷನ್ ನಿಲ್ಲತೈತಿ. ಇದು ಮುರದ್ರ ಕಾರು ನಿಲ್ಲಂಗಿಲ್ರಿ ಮಾಮಾ."

ಅವರು ಎದ್ದು ಲೇತ್ ಶುರು ಮಾಡಿದರು. ನನ್ನನ್ನು ಎತ್ತಿ ಆಡಿಸಿದ ಮನುಷ್ಯನಿಗೆ ಹಾಗೆ ಹೇಳುವುದು ಸುಲಭವಾಗಿರಲಿಲ್ಲ. ಆದರೆ ಹೇಳಿದ್ದಕ್ಕೆ ಅವತ್ತೂ ಪಶ್ಚಾತ್ತಾಪವಿರಲಿಲ್ಲ, ಇವತ್ತೂ ಇಲ್ಲ.

ಆಮೇಲೆ ನಾನೇ ಹುಡುಕಿದೆ. ಹಬ್‌ನ ಸುತ್ತಲೂ ಒತ್ತಾಗಿ ಹಲ್ಲುಗಳಿರಬೇಕು, ಆಗ ಆಟ ಇರುವುದಿಲ್ಲ. ಒಂದು ಹಲ್ಲು ಉಳಿದವಕ್ಕಿಂತ ಅಗಲವಿರಬೇಕು, ಆಗ ಸ್ಟೀರಿಂಗ್ ಓರೆಯಾಗಿ ಕೂರುವುದಕ್ಕೇ ಬರುವುದಿಲ್ಲ. ಗಿಡ್ಡಗಿರಬೇಕು. ನನ್ನ ಕಾರಿನ ಶಾಫ್ಟಿಗೆ ಹೊಂದುವ ಅಡಾಪ್ಟರ್ ಜೊತೆಗೇ ಸಿಗಬೇಕು. ಪುಣೆಯ ಅಂಗಡಿಯವನಿಗೆ ಫೋನು ಮಾಡಿ ಇದನ್ನೆಲ್ಲ ಒಂದೊಂದಾಗಿ ಕೇಳುತ್ತಿದ್ದೆ. ಅವನಿಗೆ ಬೇಸರ ಬಂತೋ ಏನೋ, ಕಾರು ಓಡಿಸುವವರಿಗೆ ಫೋನು ಕೊಡಿ ಮೇಡಂ ಎಂದ. ಓಡಿಸುವವಳ ಕೈಯಲ್ಲೇ ಫೋನಿದೆ ಎಂದೆ. ಆಮೇಲೆ ಪ್ರತಿ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟ.

ಕೊಪ್ಪಳದ ಕೊರಿಯರ್ ಆಫೀಸಿಗೆ ಪೆಟ್ಟಿಗೆ ಬಂದ ದಿನ ಅಲ್ಲಿಂದ ನೇರ ಮಾವನ ಅಂಗಡಿಗೆ ಹೋದೆ. ಅವರು ಕೈ ಒರೆಸಿಕೊಂಡರು. ಎರಡೂ ತುಂಡು ಕೂಡಿಸಿ, ಕಿವಿಗೆ ಹಿಡಿದು, ಅತ್ತ ಇತ್ತ ತಿರುಚಿದರು. ಸದ್ದಿಲ್ಲ. ಇನ್ನೊಮ್ಮೆ ತಿರುಚಿದರು.

"ಇದನ್ನ ಮಾಡಿದಾಂವ ಕಸಬು ಬಲ್ಲಾಂವ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಆರಿಸಿದ್ದೂ ಬರೋಬ್ಬರಿ ಐತಿ. ಆದ್ರ ನಟ್ ಬಿಗಿಯೂದು ನಂದು. ಅದರಾಗ ಯಾರೂ ಕೈ ಹಾಕಬ್ಯಾಡ್ರಿ."

ಬಿಗಿದರು. ಬಿಗಿದ ಮೇಲೆ ನನಗೊಂದು ರೂಢಿ ಹಚ್ಚಿದರು: ಸ್ಟೀರಿಂಗ್ ಕೂಡಿಸಿದಾಗಲೆಲ್ಲ, ಕಾರು ಶುರು ಮಾಡುವ ಮುಂಚೆ, ಎರಡೂ ಕೈಯಿಂದ ನನ್ನ ಕಡೆಗೆ ಜಗ್ಗಿ ನೋಡಬೇಕು.

ಮುಂದಿನ ಸಲ ಮಾವನೂ ಲಾರಿ ಹತ್ತಿದರು. ಅದೇ ಪರೀಕ್ಷಕರು ಇಳಿಯಿರಿ ಎಂದರು. ಬೆಲ್ಟು ಬಿಚ್ಚಿ, ರಿಂಗ್ ಎಳೆದು, ಸ್ಟೀರಿಂಗನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಹೊರಗೆ ಬಂದು ನಿಂತೆ. ಅವರು ತಲೆಯಾಡಿಸಿ, ಕಾರಿನ ಗಾಜಿಗೆ ಪಾಸಾದ ಚೀಟಿ ಅಂಟಿಸಿದರು.

ಆ ಮಧ್ಯಾಹ್ನ ಟ್ರ್ಯಾಕಿನ ನೇರ ದಾರಿಯ ಕೊನೆಗೆ ಬ್ರೇಕು ಒತ್ತುವಾಗ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದು ಮುಂದಿನ ಗಾಜು ಮುಚ್ಚಿಹೋಯಿತು. ಒಳಗೂ ತುಂಬಿಕೊಂಡಿತು. ಬೆಂಕಿಯೋ ಏನೋ ತಿಳಿಯಲಿಲ್ಲ. ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿದೆ, ಇಂಜಿನ್ ಬಂದ್ ಮಾಡಿದೆ. ಮುಂದಿನದನ್ನು ಕೈಗಳೇ ಮಾಡಿದವು. ಎಚ್ಚರ ಬಂದವಳಂತೆ ನೋಡಿದಾಗ ನಾನು ತಡೆಗೋಡೆಯ ಹಿಂದೆ ನಿಂತಿದ್ದೆ, ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತು.

ಬೆಂಕಿಯಲ್ಲ. ರೇಡಿಯೇಟರಿನ ಪೈಪು ಒಡೆದು ಕುದಿಯುವ ನೀರು ಹಬೆಯಾಗಿತ್ತು, ಅಷ್ಟೇ. ಆದರೆ ಅದು ಬೆಂಕಿಯೇ ಆಗಿದ್ದರೂ ಸುಡಲು ನಾನು ಅಲ್ಲಿರುತ್ತಿರಲಿಲ್ಲ.

ಕಾರನ್ನು ಎಳೆದು ತಂದ ಮೇಲೆ ಅಪ್ಪ ನನ್ನ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಮಾವ ನನ್ನ ಕೈಯಿಂದ ಸ್ಟೀರಿಂಗ್ ಇಸಿದುಕೊಂಡು, ಸುತ್ತ ಸೇರಿದ ಮಂದಿಗೆಲ್ಲ ಹಬ್ ತೋರಿಸತೊಡಗಿದರು. ಅವರಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಮಾವನಿಗೆ ಅದರ ಪರಿವೆಯೇ ಇರಲಿಲ್ಲ.

"ನಮ್ಮ ಹುಡುಗಿ ಆರಿಸ್ಯಾಳ ನೋಡ್ರಿ ಇದನ್ನ," ಎನ್ನುತ್ತಿದ್ದರು. "ನಾ ಮಾಡಿದ್ದನ್ನ ಬ್ಯಾಡ ಅಂದು ಆರಿಸ್ಯಾಳ!"

ಸಂಜೆಯೊಳಗೆ ಹೊಸ ಪೈಪು ಹಾಕಿಸಿ, ಸ್ಟೀರಿಂಗ್ ಕೂಡಿಸಿ, ಜಗ್ಗಿ ನೋಡಿ, ಟ್ರ್ಯಾಕಿಗೆ ಇನ್ನೊಮ್ಮೆ ಇಳಿದೆ.